ಐದು ಎಲೆಗಾಗಿ ಖ್ಮೇರ್ ಸಂತೆಗೆ

ಅಮೆರಿಕಕ್ಕೆ ಹೋಗಿ ಬಂದವರನ್ನು ನಮ್ಮ ಹುಬ್ಬಳ್ಳಿಯಲ್ಲಿ ಎಲ್ಲರೂ ಕೇಳುವುದು ಎರಡೇ ಪ್ರಶ್ನೆ: ಕೆಂಪು ಸೇತುವೆ ನೋಡಿದಿರಾ, ಚಳಿ ಹೇಗಿತ್ತು? ಸೇತುವೆ ನೋಡಿದೆ. ಮಂಜಿನಲ್ಲಿ ಅದರ ಎರಡು ಕಂಬಗಳ ತುದಿ ಮಾತ್ರ ಕಂಡವು. ಉಳಿದದ್ದು ಕೆಳಗೆ ಇದ್ದೇ ಇರುತ್ತದೆಂದು ನಂಬಿ ಫೋಟೊ ತೆಗೆಸಿಕೊಂಡು ಬಂದೆ. ಚಳಿ ಧಾರವಾಡದ ಜನವರಿಗಿಂತ ಒಂದು ಸ್ವೆಟರಿನಷ್ಟು ಹೆಚ್ಚು. ಅಲ್ಲಿಗೆ ಅವರ ಪ್ರಶ್ನೆಗಳು ಮುಗಿಯುತ್ತವೆ, ನನ್ನ ಕಥೆ ಮಾತ್ರ ಹೊಟ್ಟೆಯಲ್ಲೇ ಉಳಿಯುತ್ತದೆ.

ನಾನು ಹೇಳಬೇಕಾದದ್ದು ಒಂದು ಸಂತೆಯ ವಿಷಯ. ಅದೂ ಅಮೆರಿಕದವರ ಸಂತೆಯಲ್ಲ, ಕಾಂಬೋಡಿಯಾದಿಂದ ಬಂದು ಅಲ್ಲಿ ಬೇರುಬಿಟ್ಟ ಖ್ಮೇರ್ ಜನರ ಸಂತೆ. ಅಲ್ಲಿಗೆ ನಾನು ಹೋದದ್ದು ಐದು ವೀಳ್ಯದೆಲೆಗಾಗಿ.

ಮಿಲ್ಪಿಟಾಸ್, ಶುಕ್ರವಾರ

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತಳಾದವಳು ನಾನು. ಮಂಡಿನೋವಿನ ಯಜಮಾನರನ್ನು ಹುಬ್ಬಳ್ಳಿಯಲ್ಲೇ ಬಿಟ್ಟು, ಎಪ್ಪತ್ತೊಂಬತ್ತರ ಅತ್ತೆಯನ್ನು ಕರೆದುಕೊಂಡು ವಿಮಾನ ಹತ್ತಿದ್ದೆ. ಮಿಲ್ಪಿಟಾಸಿನಲ್ಲಿ ಅತ್ತೆಯ ಮಗಳು, ಅಂದರೆ ನನ್ನ ನಾದಿನಿ ಸುನಂದಾಳ ಮನೆ. ಸುನಂದಾಳ ಒಬ್ಬಳೇ ಮಗಳು ಮೇಘಾ ಏಳು ತಿಂಗಳ ಬಸುರಿ. ಅವಳಿಗೆ ಕುಬಸ ಮಾಡಲು ಅಜ್ಜಿಯೇ ಬರಬೇಕೆಂಬ ಆಸೆ ಯಾರದ್ದಿತ್ತೋ ಗೊತ್ತಿಲ್ಲ, ಹಟ ಮಾತ್ರ ಅಜ್ಜಿಯದೇ. ನಮ್ಮ ಕಡೆ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬುವುದಕ್ಕೆ ಕುಬಸ ಎನ್ನುತ್ತೇವೆ. ಸೆರಗಿನ ಮಡಿಲಿಗೆ ಅಕ್ಕಿ, ಖಣ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಬೇರು, ಅಡಿಕೆ, ಐದು ವೀಳ್ಯದೆಲೆ ಬೀಳಬೇಕು.

ಅಕ್ಕಿಯಿಂದ ಅಡಿಕೆಯ ತನಕ ಎಲ್ಲ ಸಿಕ್ಕಿತ್ತು. ಎಲೆ ಮಾತ್ರ ಸಿಗಲಿಲ್ಲ.

ಅತ್ತೆ ಚಂಚಿಯ ತುಂಬ ಎಲೆ ತಂದಿದ್ದರು. ಎಲೆ-ಅಡಿಕೆಯ ಆ ಚೀಲ ಅವರ ಸೊಂಟದಿಂದ ಇಳಿದದ್ದನ್ನು ನಾನು ಮದುವೆಯಾದಾಗಿನಿಂದ ನೋಡಿಲ್ಲ. ವಿಮಾನ ನಿಲ್ದಾಣದಲ್ಲಿ ತಪಾಸಣೆಯವನು ಅದನ್ನು ಬಿಚ್ಚಿ, ಹಸಿ ಎಲೆ ಒಳಗೆ ಬಿಡುವ ಹಾಗಿಲ್ಲವೆಂದು ನಯವಾಗಿಯೇ ಹೇಳಿ ತೆಗೆದಿಟ್ಟುಕೊಂಡ. ಅಡಿಕೆ, ಸುಣ್ಣದ ಡಬ್ಬಿ ವಾಪಸ್ಸು ಕೊಟ್ಟ. ಅತ್ತೆ ಅವನ ಮುಖವನ್ನೇ ನೋಡುತ್ತ, “ತಮ್ಮಾ, ಅಡಿಕಿ ಕೊಟ್ಟು ಎಲಿ ಇಟ್ಕೊಂಡ್ರ ಏನು ಬಂತೋ?” ಎಂದು ಅಚ್ಚ ಕನ್ನಡದಲ್ಲಿ ಕೇಳಿದರು. ಅವನು “ವೆಲ್‌ಕಮ್” ಎಂದ. ಅಂದಿನಿಂದ ಮೂರು ವಾರ ಅವರು ಬರೀ ಅಡಿಕೆ ಕಡಿಯುತ್ತ ಮುಖ ಗಂಟು ಹಾಕಿಕೊಂಡು ಕೂತಿದ್ದರು.

ಭಾನುವಾರ ಕುಬಸ. ಶುಕ್ರವಾರ ಸಂಜೆ ಸುನಂದಾ ಆಫೀಸಿನಿಂದ ಬರಿಗೈಯಲ್ಲಿ ಬಂದಳು.

“ವೈನಿ, ಮೂರು ಇಂಡಿಯನ್ ಗ್ರೋಸರಿ ಸುತ್ತಿದೆ. ಈ ವೀಕು ಎಲೆದು ಶಿಪ್‌ಮೆಂಟೇ ಬಂದಿಲ್ಲಂತ. ಏನು ಮಾಡೋಣ?”

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು. “ಎಲಿ ಇಲ್ಲದ ಉಡಿ ತುಂಬೂದಿಲ್ಲ ನಾ. ಹ್ವಾದ ಸಲ ಆಗಿದ್ದು ಸಾಕು.”

ಮಾತು ಸುನಂದಾಳಿಗೆ, ನೋಟ ನನಗೆ. ಆ ನೋಟದ ಅರ್ಥ ನನಗೆ ಚೆನ್ನಾಗಿ ಗೊತ್ತು. ಎರಡು ವರ್ಷದ ಹಿಂದೆ ಮೇಘಾ ಮೊದಲ ಸಲ ಬಸುರಿಯಾಗಿದ್ದಾಗ ಐದನೇ ತಿಂಗಳಲ್ಲಿ ಕುಬಸ ಮಾಡಿದ್ದೆವು. ಅವರು ಅಲ್ಲಿ, ನಾವು ಇಲ್ಲಿ, ನಡುವೆ ವಿಡಿಯೊ ಕಾಲ್. ಆಗಲೂ ಎಲೆ ಸಿಕ್ಕಿರಲಿಲ್ಲ. ಹುಬ್ಬಳ್ಳಿಯಲ್ಲಿ ಕೂತು ಬುದ್ಧಿ ಹೇಳಿದವಳು ನಾನು: “ಅಡ್ಜಸ್ಟ್ ಮಾಡ್ಕೋರಿ. ಪಾಲಕ ಸೊಪ್ಪಿನ ಎಲಿ ಇಡ್ರಿ, ಹಸರ ಇದ್ರ ಆತು.” ಎಲ್ಲರೂ ನಕ್ಕಿದ್ದರು, ಪಾಲಕದ ಎಲೆಯನ್ನೇ ಇಟ್ಟಿದ್ದರು. ಎರಡು ವಾರದಲ್ಲಿ ಮಗು ಉಳಿಯಲಿಲ್ಲವೆಂದು ಫೋನು ಬಂತು.

ಅತ್ತೆ ನನ್ನನ್ನು ಬಾಯಿಬಿಟ್ಟು ಏನೂ ಅನ್ನಲಿಲ್ಲ. ಅಂದಿದ್ದರೆ ಎದುರುತ್ತರ ಕೊಡಬಹುದಿತ್ತು. ಪಾಲಕದ ಎಲೆಗೂ ಗರ್ಭಕ್ಕೂ ಸಂಬಂಧವಿಲ್ಲವೆಂದು ನಾನು ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಬಲ್ಲೆ. ಆದರೆ ಅಂದಿನಿಂದ ನಮ್ಮ ಮನೆಯಲ್ಲಿ ಪಾಲಕ ತರುವುದು ನಿಂತಿತು, ಯಾರೂ ಯಾಕೆಂದು ಕೇಳಲಿಲ್ಲ. ವಿಜ್ಞಾನ ಓದಿದ ನನ್ನ ತಲೆ ಒಂದು ಹೇಳುತ್ತಿತ್ತು, ರಾತ್ರಿ ನಿದ್ದೆ ಬರದಾಗ ಎದೆ ಇನ್ನೊಂದು ಹೇಳುತ್ತಿತ್ತು. ಈ ಸಲ ಎಲೆ ತಂದೇ ತರಬೇಕಿತ್ತು ನಾನು. ಅತ್ತೆಗಾಗಿ ಎಂದು ಎಲ್ಲರಿಗೂ ಹೇಳಿದೆ. ಹೆಚ್ಚು ಬೇಕಾಗಿದ್ದು ನನಗೇ.

ಮೇಘಾ ಸೋಫಾದಲ್ಲಿ ಕಾಲು ಮೇಲಿಟ್ಟುಕೊಂಡು ಕೂತಿದ್ದಳು. ಅಲ್ಲೇ ಹುಟ್ಟಿದವಳು, ನಾವು ಕನ್ನಡದಲ್ಲಿ ಕೇಳಿದರೆ ಅರ್ಧ ಇಂಗ್ಲಿಷಿನಲ್ಲಿ ಉತ್ತರ. “ಮಾಮಿ, ಪ್ಲೀಸ್, ಬಿಗ್ ಫಂಕ್ಷನ್ ಬೇಡ. ಅಜ್ಜಿ ಮಾಡ್ಲಿ. ಜಸ್ಟ್ ಅಜ್ಜಿ,” ಎಂದಳು. ಕೈ ಹೊಟ್ಟೆಯ ಮೇಲಿತ್ತು. ಮಗುವಿಗೆ ಇನ್ನೂ ಒಂದು ಅಂಗಿಯನ್ನೂ ಕೊಂಡಿರಲಿಲ್ಲ ಅವಳು. ಕೊಳ್ಳಲು ಹೆದರಿಕೆ.

ಆಗ ಸುನಂದಾಳಿಗೆ ತನ್ನ ಕಂಪನಿಯ ಒಬ್ಬ ಖ್ಮೇರ್ ಹೆಂಗಸು ಹೇಳಿದ್ದು ನೆನಪಾಯಿತು. ಸ್ಯಾನ್ ಹೋಸೆಯ ಪೂರ್ವದ ಕಡೆ ಶನಿವಾರ ಅವರದೊಂದು ಸಂತೆ ಕೂಡುತ್ತದಂತೆ. ಅವರ ಮದುವೆಗೂ ಎಲೆ-ಅಡಿಕೆ ಬೇಕಂತೆ.

“ಅವರಿಗೂ ಬೇಕ?” ಎಂದು ಅತ್ತೆ ಮೊದಲ ಸಲ ತಲೆ ಎತ್ತಿದರು.

ಫ್ರೀವೇ, ಶನಿವಾರ ಬೆಳಿಗ್ಗೆ

ಅಲ್ಲಿ ಚಳಿಗಾಲ ಅಂದರೆ ಮಳೆಗಾಲ. ಮಿಲ್ಪಿಟಾಸಿನ ಹಿಂದಿನ ಗುಡ್ಡಗಳು ಜನವರಿಯಲ್ಲಿ ಹಸಿರು, ಬೇಸಿಗೆಯಲ್ಲಿ ಒಣಹುಲ್ಲಿನ ಬಣ್ಣವಂತೆ. ನಮ್ಮ ಲೆಕ್ಕ ಪೂರ್ತಿ ತಿರುವುಮುರುವು. ಅತ್ತೆ ಹಿಂದಿನ ಸೀಟಿನಲ್ಲಿ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದು, “ಇದೇನ ದನ ಕಟ್ಟಿದಂಗ ಕಟ್ಟ್ಯಾರಲ್ಲ,” ಎಂದು ಗೊಣಗುತ್ತಿದ್ದರು. ಐದು ಸಾಲಿನಲ್ಲಿ ಕಾರುಗಳು ಓಡುತ್ತಿದ್ದವು, ಒಂದೂ ಹಾರ್ನ್ ಇಲ್ಲ. ಹುಬ್ಬಳ್ಳಿಯವಳಾದ ನನಗೆ ಆ ಮೌನದಲ್ಲಿ ಏನೋ ಅನಾಹುತ ಆಗಿದೆ ಎನಿಸುತ್ತಿತ್ತು.

ಮಾತಿನ ಭರದಲ್ಲಿ ಸುನಂದಾ ಇಳಿಯಬೇಕಾದ ಎಕ್ಸಿಟ್ ತಪ್ಪಿಸಿದಳು. ನಮ್ಮಲ್ಲಾದರೆ ರಿವರ್ಸ್ ತೆಗೆದುಕೊಂಡೋ, ರಾಂಗ್ ಸೈಡಿನಲ್ಲಿ ನಾಲ್ಕು ಮಾರು ಹೋಗಿಯೋ ಸರಿಮಾಡಿಕೊಳ್ಳುತ್ತಾರೆ. ಅಲ್ಲಿ ಒಮ್ಮೆ ತಪ್ಪಿದರೆ ಮುಂದಿನ ಎಕ್ಸಿಟ್ ಬರುವವರೆಗೆ ತಪ್ಪನ್ನೇ ಹೊತ್ತುಕೊಂಡು ಹೋಗಬೇಕು. ನಾವು ಒಂದು ಸುತ್ತು ಹೊಡೆದು ಸಂತೆ ಮುಟ್ಟುವಾಗ ಬಿಸಿಲು ಏರಿತ್ತು.

ಪ್ಲಾಸ್ಟಿಕ್ ಸ್ಟೂಲುಗಳ ಸಂತೆ

ಹಳೆಯ ಅಂಗಡಿ ಸಾಲು, ಮುಂದೆ ಕಾರು ನಿಲ್ಲಿಸುವ ಜಾಗ. ಶನಿವಾರ ಆ ಜಾಗದ ಅರ್ಧ ಸಂತೆಯಾಗುತ್ತದೆ. ನೆಲಕ್ಕೆ ಚಾಪೆ, ಚಾಪೆಯ ಮೇಲೆ ಸೊಪ್ಪು, ಹಿಂದೆ ಗೇಣುದ್ದದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಹೆಂಗಸರು. ತಲೆಗೆ ಚೌಕಳಿ ವಸ್ತ್ರ ಸುತ್ತಿಕೊಂಡು ತಮ್ಮ ತಮ್ಮಲ್ಲೇ ಜೋರಾಗಿ ಹರಟುತ್ತಿದ್ದರು. ಕಾರಿನ ಬಾಗಿಲು ತೆರೆದಾಗ ಮೊದಲು ಬಂದದ್ದು ನೋಟವಲ್ಲ, ವಾಸನೆ. ಒಣಮೀನು, ಹುದುಗು ಹಾಕಿದ ಮೀನು. ಹುಟ್ಟಾ ಲಿಂಗಾಯತರಾದ ನಮ್ಮ ಅತ್ತೆ ಸೆರಗನ್ನು ಮೂಗಿಗೆ ಒತ್ತಿ ಹಿಡಿದರು.

“ನಾ ಇಳಿಯೂದಿಲ್ಲ. ನೀನ ಹೋಗಿ ಬಾ, ಗಿರಿಜಾ. ಎಲಿ ನೋಡಿ ತಗೋ.”

“ಎಲಿ ನನಗ ಗೊತ್ತಾಗೂದಿಲ್ಲೇನ್ರಿ ಅತ್ತೀ? ಅದನ್ನ ಕಲಿಸಿ ಪೆನ್ಷನ್ ತಗೊಳಾಕತ್ತೀನಿ,” ಎಂದು ಹೇಳಿ, ಅವರ ಜೊತೆ ಸುನಂದಾಳನ್ನು ಬಿಟ್ಟು ಇಳಿದೆ. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಮೀನಿನ ಸಾಲನ್ನು ಉಸಿರು ಬಿಗಿಹಿಡಿದು ದಾಟಿದ ಮೇಲೆ ನನಗೆ ಹಬ್ಬ. ಬಾಳೆಹೂವು, ಹೀರೇಕಾಯಿ, ನುಗ್ಗೆಸೊಪ್ಪು, ಎಳೆ ಹುಣಸೆ, ಹಸಿ ಅರಿಷಿಣ, ಲಿಂಬೆಹುಲ್ಲು. ಮೂರು ವಾರ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ತರಕಾರಿ ನೋಡಿ ನೋಡಿ ಬೇಸತ್ತಿದ್ದ ಕಣ್ಣಿಗೆ ಮಣ್ಣು ಮೆತ್ತಿದ ಬೇರು ಕಂಡದ್ದೇ ಸುಖ. ಬದನೆಕಾಯಿ ಗೋಲಿಯಷ್ಟು ಸಣ್ಣದರಿಂದ ಮೊಳದುದ್ದದವರೆಗೆ ಇದ್ದವು. ಒಬ್ಬಾಕೆ ಸೊಪ್ಪಿನ ಕಟ್ಟಿಗೆ ನೀರು ಚಿಮುಕಿಸುತ್ತಿದ್ದ ರೀತಿ ಥೇಟ್ ನಮ್ಮ ಹುಬ್ಬಳ್ಳಿಯ ದುರ್ಗದ ಬೈಲಿನ ಸೊಪ್ಪಿನವಳದು, ಬೆರಳ ತುದಿಯಿಂದ, ಮಾತು ನಿಲ್ಲಿಸದೆ. ನುಗ್ಗೆಸೊಪ್ಪು ಕೊಂಡು ರೂಢಿಯಂತೆ ಕೊಸರಿಗೆ ಕೈ ಒಡ್ಡಿದೆ. ಭಾಷೆ ಬೇಕಾಗಲಿಲ್ಲ. ಆಕೆ ನಕ್ಕು ಒಂದು ಹಿಡಿ ಮೆಣಸಿನಕಾಯಿ ಹಾಕಿದಳು. ಅಮೆರಿಕದಲ್ಲಿ ಕೊಸರು ಪಡೆದವಳೆಂಬ ಹೆಮ್ಮೆಯಲ್ಲಿ ಮುಂದೆ ನಡೆದೆ.

ಅಷ್ಟರಲ್ಲಿ ಕಂಡಿತು. ಕೊನೆಯ ಚಾಪೆಯ ಮೇಲೆ, ತೆಳು ಚೀಲಗಳಲ್ಲಿ, ಹೃದಯದ ಆಕಾರ, ಹೊಳೆಯುವ ಹಸಿರು, ಬುಡದಿಂದ ತುದಿಗೆ ಬಾಗಿದ ನರಗಳು. ಎರಡು ಚೀಲ ಕೊಂಡೆ, ಬಿಸಿಲಿಗೆ ಹಿಡಿದು ನೋಡಿದೆ, ಮಕ್ಕಳಿಗೆ ತೋರಿಸುತ್ತಿದ್ದ ಹಾಗೆ ನನಗೇ ನಾನೇ ಪಾಠ ಒಪ್ಪಿಸಿಕೊಂಡೆ. ಎರಡು ವರ್ಷದ ಭಾರ ಇಳಿದ ಹಾಗಾಗಿ ಅಲ್ಲೇ ಕಣ್ಣು ತುಂಬಿತು. ಅಂಗಡಿಯವಳು ಮೆಣಸಿನಕಾಯಿ ಖಾರ ಹತ್ತಿತೆಂದು ತಿಳಿದು ಕರವಸ್ತ್ರ ಕೊಟ್ಟಳು.

ಹೊರಹೋಗುವ ದಾರಿಯ ಚಾಪೆ

ಹೊರಹೋಗುವ ದಾರಿಯಲ್ಲಿ ಎಪ್ಪತ್ತರ ಆಸುಪಾಸಿನ ಒಬ್ಬ ಅಜ್ಜಿ ಕೂತಿದ್ದಳು. ಮುಂದೆ ನಾಲ್ಕು ಕುಂಬಳಕಾಯಿ, ಒಂದಿಷ್ಟು ಲಿಂಬೆ. ತುಟಿ ಕೆಂಪು, ಹಲ್ಲು ಅದಕ್ಕಿಂತ ಕೆಂಪು. ನೋಡಿದ ಕೂಡಲೇ ಎಲೆ ಹಾಕುವವಳೆಂದು ಗೊತ್ತಾಗುತ್ತಿತ್ತು. ನಾನು ಗೆದ್ದವರ ಹಾಗೆ ಚೀಲ ಎತ್ತಿ ತೋರಿಸಿ, ನಂತರ ಕೈ ಜೋಡಿಸಿದೆ. ಆಕೆಯೂ ಕೈ ಜೋಡಿಸಿದಳು. ಅವರಲ್ಲೂ ನಮಸ್ಕಾರ ಹಾಗೆಯೇ.

ಆಮೇಲೆ ಚೀಲವನ್ನು ನೋಡಿ, ನನ್ನನ್ನು ನೋಡಿ, ಎಲೆ ಮಡಿಸಿ ದವಡೆಗೆ ಇಡುವ ಸನ್ನೆ ಮಾಡಿದಳು. ನಾನು ಹೌದು ಹೌದೆಂದು ತಲೆಯಾಡಿಸಿದೆ. ಆಕೆ ಇಲ್ಲ ಇಲ್ಲವೆಂದು ಕೈಯಾಡಿಸಿದಳು. ನಂತರ ಗಾಳಿಯಲ್ಲಿ ಏನನ್ನೋ ಸುತ್ತಿ, ಕೆಂಡದ ಮೇಲೆ ಹೊರಳಿಸಿ, ಬೆರಳು ಚೀಪಿ ತೋರಿಸಿದಳು. ನನಗೆ ಅರ್ಥವಾಗಲಿಲ್ಲ. ತನ್ನ ಹತ್ತಿರ ಕೊಳ್ಳಲಿಲ್ಲವೆಂದು ಮುನಿಸೇನೋ ಎಂದುಕೊಂಡು ಒಂದು ಕುಂಬಳಕಾಯಿಯತ್ತ ಕೈ ಹಾಕಿದೆ. ಆಕೆ ಹಣೆ ಚಚ್ಚಿಕೊಂಡು ಪಕ್ಕದ ಅಂಗಡಿಯ ಕಡೆ ತಿರುಗಿ ಕೂಗಿದಳು.

ಬಂದವಳು ಆಕೆಯ ಮಗಳು, ನಲವತ್ತು ದಾಟಿದ ಹೆಂಗಸು, ಹೆಸರು ಬೊಫಾ. ಇಂಗ್ಲಿಷಿನಲ್ಲಿ ಮೆತ್ತಗೆ ಹೇಳಿದಳು: “ನೀವು ತಗೊಂಡಿದ್ದು ಬಾಯಿಗೆ ಹಾಕೋ ಎಲೆ ಅಲ್ಲ ಅಂತಿದ್ದಾರೆ ಅಮ್ಮ. ಇದರಲ್ಲಿ ನಾವು ದನದ ಮಾಂಸ ಸುತ್ತಿ ಸುಡ್ತೀವಿ.”

ಒಂದು ಎಲೆ ತೆಗೆದು ತೊಟ್ಟು ಮುರಿದು ಅಗಿದೆ. ಖಾರವಿಲ್ಲ, ನಾಲಿಗೆಗೆ ಚುರುಕಿಲ್ಲ, ಬರೀ ಸೊಪ್ಪು. ಮೆಣಸಿನ ಬಳ್ಳಿ, ವೀಳ್ಯದ ಬಳ್ಳಿ, ಈ ಸುಡುಗಾಡು ಸೊಪ್ಪು, ಎಲ್ಲ ಒಂದೇ ಕುಟುಂಬದವು. ಅಕ್ಕತಂಗಿಯರ ಮುಖಚಹರೆ ಹೋಲುವುದು ಸಹಜವೆಂದು ಎಷ್ಟು ಮಕ್ಕಳಿಗೆ ಹೇಳಿಲ್ಲ ನಾನು! ಅಗಿದು ನೋಡದೆ ನಂಬಬಾರದೆಂಬುದನ್ನು ಮಾತ್ರ ಹೇಳಿರಲಿಲ್ಲ. ಎರಡನೇ ಸಲವೂ ಸುಳ್ಳು ಎಲೆಯನ್ನೇ ಆ ಹುಡುಗಿಯ ಉಡಿಗೆ ಹಾಕಿಸುತ್ತಿದ್ದೆನಲ್ಲ!

ಮುಖದಲ್ಲಿ ಅದು ಕಂಡಿರಬೇಕು. ಬೊಫಾ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದಳು. ಹೊಟ್ಟೆಯ ಮುಂದೆ ಕೈಯಿಂದ ಗುಂಡಾಗಿ ತೋರಿಸಿ, ಎಲ್ಲವನ್ನೂ ಹೇಳಿದೆ. ಪಾಲಕದ ಎಲೆಯನ್ನೂ ಹೇಳಿದೆ. ನಮ್ಮವರ ಮುಂದೆ ಎರಡು ವರ್ಷ ಆಡದ ಮಾತು, ಕಾರು ನಿಲ್ಲಿಸುವ ಜಾಗದಲ್ಲಿ, ಗುರುತಿಲ್ಲದವರ ಮುಂದೆ, ಸರಾಗವಾಗಿ ಬಂತು. ಬೊಫಾ ಒಂದೊಂದನ್ನೇ ಅವ್ವನಿಗೆ ದಾಟಿಸಿದಳು.

ಅಜ್ಜಿ ಕುಂಬಳಕಾಯಿ ಸರಿಸಿ ಹಿಂದಿನ ಬುಟ್ಟಿಯಿಂದ ಒದ್ದೆ ಬಟ್ಟೆಯ ಗಂಟು ತೆಗೆದಳು. ಹತ್ತಿರದ ಮಾರ್ಗನ್ ಹಿಲ್ ಎಂಬ ಊರಿನಲ್ಲಿ ಅವರದೊಂದು ಪ್ಲಾಸ್ಟಿಕ್ ಹೊದಿಸಿದ ತೋಟವಂತೆ, ಅದರ ಮೂಲೆಯಲ್ಲಿ ಒಂದು ಬಳ್ಳಿ. ಚಳಿಗೆ ಎಲೆ ಕಡಿಮೆ, ಇದ್ದದ್ದು ಆಕೆಯ ದಿನದ ಪಾಲಷ್ಟೇ. ನಾನು ಕೈ ಒಡ್ಡಿದೆ. ಆಕೆ ಗಂಟನ್ನು ಹಿಂದಕ್ಕೆ ಎಳೆದುಕೊಂಡಳು.

“ಉಡಿ ತುಂಬೋ ಹಿರಿಯರು ಎಲ್ಲಿ ಅಂತ ಕೇಳ್ತಿದ್ದಾರೆ,” ಎಂದಳು ಬೊಫಾ. “ಇದು ಮಾರೋ ಎಲೆ ಅಲ್ಲ. ಶುಭಕಾರ್ಯದ ಎಲೆ ಹಿರಿಯರ ಕೈಯಿಂದ ಹಿರಿಯರ ಕೈಗೇ ಹೋಗಬೇಕು. ಅದು ಅಮ್ಮನ ಅಮ್ಮನ ಕಾಲದ ಪದ್ಧತಿ.” ಆಮೇಲೆ ನಕ್ಕಳು. “ಮತ್ತೆ, ನಿಮಗೆ ಎಲೆ ಗುರುತು ಸಿಗಲ್ಲ ಅಂತಾನೂ ಹೇಳ್ತಿದ್ದಾರೆ.”

ಎರಡು ಚಂಚಿ

ಅತ್ತೆಯನ್ನು ಕಾರಿನಿಂದ ಇಳಿಸಲು ನಾನು ಮತ್ತು ಸುನಂದಾ ಪಟ್ಟ ಪಾಡು ಹೇಳತೀರದು. ವಾಸನೆಯ ಸಾಲು ದಾಟಬೇಕು ಎಂದಾಗ, “ಆಕಿನ್ನ ಇಲ್ಲೇ ಕರಕೊಂಡ ಬಾ,” ಎಂದರು. ಆಕೆ ಬರುವುದಿಲ್ಲ, ನೀವೇ ಹಿರಿಯರು ಎಂದೆ. ‘ಹಿರಿಯರು’ ಅಂದದ್ದು ನಾಟಿತು. ಸೆರಗಿನಿಂದ ಕಣ್ಣೊಂದು ಬಿಟ್ಟು ಮುಖವೆಲ್ಲ ಮುಚ್ಚಿ, ಸುನಂದಾಳ ತೋಳು ಹಿಡಿದು, ಮೀನಿನ ಸಾಲನ್ನು ಕಾದ ಮರಳಿನ ಮೇಲೆ ನಡೆಯುವವರ ಹಾಗೆ ಪಟಪಟ ದಾಟಿದರು. ದಾರಿಯಲ್ಲಿ ನನ್ನ ತಪ್ಪನ್ನೂ ಒಪ್ಪಿಸಿದೆ. ಅತ್ತೆ ಚೀಲದ ಎಲೆಯನ್ನು ಎರಡು ಬೆರಳಲ್ಲಿ ಮುಟ್ಟಿ, “ಎಲೀಗಿ ಜೀವ ಇಲ್ಲ,” ಎಂದಷ್ಟೇ ಅಂದರು.

ಚಾಪೆಯ ಮುಂದೆ ನಿಂತಾಗ ಅವರ ಮುಖ ಅರಳಿದ್ದು ಎಲೆ ನೋಡಿಯಲ್ಲ, ಆ ಒದ್ದೆ ಬಟ್ಟೆ ನೋಡಿ. ತಾವೂ ಹಾಗೆಯೇ ಇಡುವವರು. ಸೆರಗು ಮೂಗಿನಿಂದ ತಾನಾಗಿ ಜಾರಿತು. ಎಪ್ಪತ್ತೊಂಬತ್ತರ ಮಂಡಿಯನ್ನು ಮಡಿಸಿ ಚಾಪೆಯ ಮೇಲೇ ಕೂತರು.

ಗಂಟಿನಲ್ಲಿ ಏಳು ಎಲೆ ಇದ್ದವು. ಖ್ಮೇರ್ ಅಜ್ಜಿ ಎರಡು ಕೈಯಲ್ಲೂ ಹಿಡಿದು ಕೊಟ್ಟಳು, ಅತ್ತೆ ಎರಡು ಕೈಯಲ್ಲೂ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು. ಐದನ್ನು ಎಣಿಸಿ ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಟ್ಟರು. ಉಳಿದ ಎರಡರಲ್ಲಿ ಒಂದನ್ನು ಆಕೆಗೆ ವಾಪಸ್ಸು ಕೊಟ್ಟು, ಒಂದನ್ನು ತಾವು ಹಿಡಿದು ಚಂಚಿ ಬಿಚ್ಚಿದರು. ಆಕೆಯೂ ತನ್ನ ಡಬ್ಬಿ ತೆಗೆದಳು. ಆಕೆಯ ಸುಣ್ಣ ಗುಲಾಬಿ ಬಣ್ಣದ್ದು.

“ಸುನಂದಾ, ನೋಡ ಇಲ್ಲಿ. ಸುಣ್ಣಕ್ಕ ಕುಂಕುಮ ಕಲಸ್ಯಾಳಲ್ಲ ಈಕಿ!”

ಅತ್ತೆ ತುದಿ ಚಿವುಟಿ, ಸೀರೆಗೆ ಒರೆಸಿ, ಎಲೆಯ ಬೆನ್ನಿಗೆ ಸುಣ್ಣ ಹಚ್ಚಿ ಚೌಕವಾಗಿ ಮಡಿಸಿದರು. ಆಕೆ ಬೀಡಿಯ ಹಾಗೆ ಸುರುಳಿ ಸುತ್ತಿದಳು. ಪರಸ್ಪರ ಕೈಗಳನ್ನು ಪರೀಕ್ಷಕರ ಹಾಗೆ ನೋಡಿಕೊಂಡರು. ಆಕೆ ಅತ್ತೆಯ ಬಿಳಿ ಸುಣ್ಣದಲ್ಲಿ ಒಂದಿಷ್ಟು, ಅತ್ತೆ ಆಕೆಯ ಗುಲಾಬಿಯಲ್ಲಿ ಒಂದಿಷ್ಟು. ಮೂರು ವಾರದ ನಂತರ ಅತ್ತೆಯ ದವಡೆ ಆಡಿತು. ಇಬ್ಬರೂ ಕಣ್ಣು ಮುಚ್ಚಿದರು. ಸುತ್ತಲಿನ ಸಂತೆ ಅವರ ಪಾಲಿಗೆ ಇರಲೇ ಇಲ್ಲ.

ಆಮೇಲೆ ಆಕೆ ಅತ್ತೆಯ ಮೊಣಕಾಲ ಮೇಲೆ ಕೈ ಇಟ್ಟು ಏನೋ ಹೇಳತೊಡಗಿದಳು. ಬೊಫಾ ಇಂಗ್ಲಿಷಿಗೆ ತಂದಳು, ನಾನು ಅತ್ತೆಗೆ ಹೇಳಿದೆ.

“ಯುದ್ಧದ ಕಾಲದಾಗ ಊರು ಬಿಟ್ಟು ಓಡಿ ಗಡಿ ಹತ್ರ ಗುಡಾರದಾಗ ಇದ್ದರಂತರಿ ಇವರು. ಅಲ್ಲೇ ಮದವಿ ಆತಂತ. ಎಲಿ ಇಲ್ಲ, ಅಡಿಕಿ ಇಲ್ಲ, ಹಿರ್‍ಯಾರು ಅಂತ ಉಳದಿದ್ದು ಒಬ್ಬ ಮುದುಕಿ. ಆ ಮುದುಕಿ ಗುಡಾರದ ಹಿಂದ ಹೋಗಿ ಯಾವುದೋ ಗಿಡದ ಎಲಿ ಕಿತ್ತು ತಂದು ಕೈಯಾಗ ಇಟ್ಟಳಂತ.”

ಅತ್ತೆ ಅಗಿಯುವುದನ್ನು ನಿಲ್ಲಿಸಿದರು. “ಯಾವ ಗಿಡದ್ದಂತ ಕೇಳ.”

ಕೇಳಿದೆ. ಖ್ಮೇರ್ ಅಜ್ಜಿ ಭುಜ ಕುಣಿಸಿದಳು. ಗೊತ್ತಿಲ್ಲ, ಹಸಿರಿತ್ತು, ಅಷ್ಟೇ. ನಂತರ ಗಲ್ಲದಿಂದ ಬೊಫಾಳ ಕಡೆ ತೋರಿಸಿದಳು. ಬೊಫಾ ನಾಚಿ ನಕ್ಕಳು. “ಆ ಎಲೆಯಿಂದ ಆದ ಮಗಳು ನಾನು ಅಂತ ಹೇಳ್ತಿದ್ದಾರೆ. ಎಲ್ಲರಿಗೂ ಹೇಳ್ತಾರೆ.”

ಅತ್ತೆ ಬೊಫಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಏಳುವಾಗ ತಮ್ಮ ಚಂಚಿಯಿಂದ ಒಂದು ಹಿಡಿ ಅಡಿಕೆಯನ್ನು ಆಕೆಯ ಸೆರಗಿಲ್ಲದ ಮಡಿಲಿಗೆ ಸುರಿದರು. ಹಿಂತಿರುಗುವಾಗ ಮೀನಿನ ಸಾಲಿನಲ್ಲಿ ಮೂಗು ಮುಚ್ಚಿಕೊಳ್ಳಲು ಅವರಿಗೆ ನೆನಪಾಗಲಿಲ್ಲ. ದಾರಿಯುದ್ದಕ್ಕೂ ಆ ಗಂಟು ಅವರ ತೊಡೆಯ ಮೇಲಿತ್ತು, ನೋಟ ಹಸಿರು ಗುಡ್ಡದ ಮೇಲಿತ್ತು.

ನನ್ನ ಮಾಂಸ ಸುತ್ತುವ ಎಲೆಯನ್ನು ಎಸೆಯೋಣವೆಂದಳು ಸುನಂದಾ. ಮೇಷ್ಟರ ಬುದ್ಧಿ, ಬಿಸಾಡಲು ಮನಸ್ಸಾಗದೆ ಫ್ರಿಜ್ಜಿನಲ್ಲಿಟ್ಟೆ.

ಮತ್ತೆ ಮಿಲ್ಪಿಟಾಸ್, ಭಾನುವಾರ

ಬೆಳಿಗ್ಗೆ ಮೇಘಾ ಹಸಿರು ಸೀರೆ ಉಟ್ಟು ಇಳಿದು ಬಂದಾಗ ಮನೆಗೆ ಬೇರೆಯೇ ಕಳೆ ಬಂತು. ಅವಳ ಗಂಡ ಅಡುಗೆಮನೆಯಲ್ಲಿ ಹೋಳಿಗೆ ಬಿಸಿಮಾಡುತ್ತಿದ್ದ. ಮಣೆಯ ಮೇಲೆ ಅವಳನ್ನು ಕೂರಿಸಿ ಸುನಂದಾ ಬಳೆ ತೊಡಿಸಿದಳು. ನಾನು ಮೊರದಲ್ಲಿ ಅಕ್ಕಿ, ಖಣ, ಕೊಬ್ಬರಿ, ಎಲ್ಲ ಜೋಡಿಸಿ ಕೊನೆಗೆ ಒದ್ದೆ ಬಟ್ಟೆ ಬಿಚ್ಚಿದೆ.

ನಾಲ್ಕು ಎಲೆ ಇದ್ದವು.

ಬಟ್ಟೆ ಕೊಡವಿದೆ. ಮೊರದ ಕೆಳಗೆ ನೋಡಿದೆ. ಮತ್ತೆ ಎಣಿಸಿದೆ. ನಾಲ್ಕೇ. ಮತ್ತೆ ನಾನೇ ಏನಾದರೂ ಮಾಡಿದೆನೇ, ಕಾರಿನಲ್ಲಿ ಬೀಳಿಸಿದೆನೇ ಎಂದು ತಲೆ ಓಡುತ್ತಿರುವಾಗ ಅತ್ತೆಯ ಮುಖದ ಕಡೆ ನೋಡಿದೆ.

ಅವರ ತುಟಿ ಕೆಂಪಗಿತ್ತು.

ನಾನು ನೋಡಿದ್ದನ್ನು ಅವರೂ ನೋಡಿದರು. ಎಪ್ಪತ್ತೊಂಬತ್ತರ ಆ ಮುಖದಲ್ಲಿ ಕದ್ದು ಸಿಕ್ಕಿಬಿದ್ದ ಮಗುವಿನ ಭಾವ ಬಂದು ಹೋಯಿತು.

“ನಸುಕಿನ್ಯಾಗ ಎದ್ದೆ,” ಎಂದರು. “ಕೈ ತಾನ ಗಂಟಿಗೆ ಹೋತು. ಅರವತ್ತ ವರ್ಷದ ಚಟ. ಬಾಯಾಗ ಹಾಕಿದ ಮ್ಯಾಲೆ ನೆನಪಾತು ನೋಡ, ಗಿರಿಜಾ. ಉಗುಳಿದ್ರ ಹೊಳ್ಳಿ ಎಲಿ ಆಗತೈತೇನ?”

ಸುನಂದಾ “ಅಯ್ಯೋ ಅವ್ವಾ!” ಎಂದು ಕುಸಿದು ಕೂತಳು.

ಅತ್ತೆ ಮೊರವನ್ನು ನೋಡಿದರು. ನಂತರ ನನ್ನ ಕಡೆ ತಿರುಗಿದರು. “ಹ್ವಾದ ಸಲ ತಪ್ಪ ನಿನ್ನ ಮ್ಯಾಲೆ ಹಾಕಿದೆ ನಾ. ಬಾಯಿಲೆ ಅನ್ನಲಿಲ್ಲ, ಮನಸ್ಸಿನ್ಯಾಗ ಹಾಕಿದೆ. ಈಗ ಯಾರ ಮ್ಯಾಲೆ ಹಾಕ್ಲಿ? ನಾನ ತಿಂದೀನಿ. ಆವಾಗೂ ಯಾರದೂ ತಪ್ಪಿರಲಿಲ್ಲವ್ವಾ.”

“ವಾಟ್ ಡು ಯು ಮೀನ್?” ಎಂದಳು ಮೇಘಾ. “ಹೋದ ಸಲ ಏನು ಮಾಮಿ?”

ಹೇಳಿದೆ. ಪಾಲಕದ ಎಲೆ, ನನ್ನ ಅಡ್ಜಸ್ಟ್, ಎರಡು ವರ್ಷ ಕೆಟ್ಟ ನನ್ನ ನಿದ್ದೆ. ಮೇಘಾ ಕೇಳುತ್ತ ಕೇಳುತ್ತ ಎರಡು ಕೈಯಿಂದಲೂ ಮುಖ ಮುಚ್ಚಿಕೊಂಡಳು. ಬಳೆಗಳು ಸದ್ದು ಮಾಡಿದವು. ಅವಳು ಆಡಿದ ಮಾತು ನನಗೆ ಅಕ್ಷರಶಃ ನೆನಪಿದೆ, ಯಾಕೆಂದರೆ ಅವಳು ಅದನ್ನು ಹೆಚ್ಚುಕಡಿಮೆ ಪೂರ್ತಿ ಕನ್ನಡದಲ್ಲೇ ಹೇಳಿದಳು.

“ನಾನು ಸೂಟ್‌ಕೇಸು ಎತ್ತಿದ್ದೆ, ಅಜ್ಜಿ. ಆಫೀಸ್ ಟ್ರಿಪ್ಪಿಗೆ. ಎತ್ತಬೇಡ ಅಂತ ಅಮ್ಮ ಹೇಳಿದ್ರು. ಅದಕ್ಕೇ ಹಾಗಾಯ್ತು ಅಂತ... ಯಾರಿಗೂ ಹೇಳಿಲ್ಲ ನಾನು.”

“ಹುಚ್ಚಿ!” ಎಂದರು ಅತ್ತೆ. ಅವಳ ತಲೆಯನ್ನು ಎದೆಗೆ ಒತ್ತಿಕೊಂಡರು. “ಎಲಿ ಅಂತ ಒಬ್ಬಾಕಿ, ಪೆಟಗಿ ಅಂತ ಒಬ್ಬಾಕಿ. ಎಲ್ಲಾರೂ ಕೂಡಿ ಒಳಗೊಳಗ ಸಾಯಾಕತ್ತೇವಲ್ಲ.” ಸುನಂದಾ ಮಗಳ ಬೆನ್ನು ಸವರುತ್ತ ಬಿಕ್ಕಿದಳು. ಅಡುಗೆಮನೆಯಿಂದ ಹೋಳಿಗೆ ಸೀದ ವಾಸನೆ ಬಂತು. ಮೇಘಾಳ ಗಂಡ ಬಾಗಿಲಲ್ಲಿ ಚಮಚ ಹಿಡಿದು ನಿಂತು ಕಣ್ಣೊರೆಸಿಕೊಳ್ಳುತ್ತಿದ್ದ.

ಎಲ್ಲರಿಗಿಂತ ಮೊದಲು ಸುಧಾರಿಸಿಕೊಂಡವರು ಅತ್ತೆಯೇ. “ಗಿರಿಜಾ, ನಿನ್ನ ಎಲಿ ಎಲ್ಲಿ ಐತಿ?”

“ಯಾವ ಎಲಿರಿ?”

“ಅದ, ಎಲೀ ಪಂಡಿತಿ ತಂದಿದ್ದು. ಫ್ರಿಜ್ಜಿನ್ಯಾಗಿಂದ ಒಂದು ತಗೊಂಡ ಬಾ.”

“ಅತ್ತೀ, ಅದು ಮಾಂಸ ಸುತ್ತೋ...”

“ಇನ್ನೂ ಏನೂ ಸುತ್ತಿಲ್ಲಲ್ಲ? ತೊಳದ ತಾ. ಅಲ್ಲಿ ಆ ಮುದುಕಿ ಯಾವುದೋ ಗಿಡದ್ದು ಇಟ್ಟಾಳ, ಎದಿಯೆತ್ತರದ ಮಗಳು ಅಂಗಡಿ ನಡಸಾಕತ್ತಾಳ. ಇದೂ ಎಲೀನ.”

ತೊಳೆದು ತಂದೆ. ಅತ್ತೆ ಐದನ್ನೂ ಒಂದರ ಮೇಲೊಂದು ಜೋಡಿಸಿ, ಅರಿಷಿಣ ಕುಂಕುಮ ಹಚ್ಚಿ, ಮೇಘಾಳ ಸೆರಗಿಗೆ ಹಾಕಿದರು. ಐದು ಸಲ ಅಕ್ಕಿ ಹಾಕುವಾಗ ಅವರ ತುಟಿ ಅಲುಗುತ್ತಿತ್ತು. ನನ್ನನ್ನೂ ಕರೆದು, “ನೀನೂ ಒಂದು ಬೊಗಸಿ ಹಾಕ,” ಎಂದರು. ಹಾಕಿದೆ. ಸೆರಗು ಭಾರವಾಯಿತು.

ಮಧ್ಯಾಹ್ನ ಊಟವಾದ ಮೇಲೆ ಮೇಘಾ ಫೋನಿನಲ್ಲಿ ಸಣ್ಣ ಅಂಗಿಗಳ ಚಿತ್ರ ನೋಡುತ್ತ ಕೂತಳು. ಹಳದಿಯದು ಚೆನ್ನಾಗಿದೆಯೋ ಬಿಳಿಯದೋ ಎಂದು ನನ್ನನ್ನು ಕೇಳಿದಳು. ಎರಡನ್ನೂ ತರಿಸೆಂದೆ. ಉಡಿಯ ಗಂಟು ಇನ್ನೂ ಅವಳ ಪಕ್ಕದಲ್ಲೇ ಇತ್ತು. ಮೆಲ್ಲಗೆ ಬಿಚ್ಚಿ, ಕುಂಕುಮ ಮೆತ್ತಿದ ಐದೂ ಎಲೆಯನ್ನು ಅಂಗೈಯಲ್ಲಿ ಹರಡಿಕೊಂಡಳು.

“ಮಾಮಿ, ಇದರಲ್ಲಿ ರಾಂಗ್ ಎಲೆ ಯಾವುದು?”

ಕನ್ನಡಕ ಹಾಕಿಕೊಂಡು ನೋಡಿದೆ. ಮೂವತ್ತೊಂದು ವರ್ಷದ ಮೇಷ್ಟರಿಗೆ ಗೊತ್ತಾಗಲಿಲ್ಲ. ಅವಳು ಅಂಗೈಯನ್ನು ಅಜ್ಜಿಯ ಕಡೆ ಚಾಚಿದಳು. ಅತ್ತೆಗೆ ಕಣ್ಣು ಮುಚ್ಚಿ ಮುಟ್ಟಿದರೂ ಸಾಕು. ಅವರು ಐದರ ಮೇಲೂ ಒಮ್ಮೆ ಬೆರಳಾಡಿಸಿದರು, ಒಂದರ ಮೇಲೆ ಬೆರಳು ತುಸು ನಿಂತಿತು.

“ನನಗೂ ಗೊತ್ತಾಗವಲ್ದವ್ವಾ,” ಎಂದರು.